ಮರದ ಮೇಲಿನ ಹೂವು, ಪಡಸಾಲೆಯ ಕುಂಡ

ಹಿರೇಕೆರೂರು, ಚಿಕ್ಕೇರೂರು ಎಂಬ ಎರಡು ಹೆಸರುಗಳನ್ನು ಒಟ್ಟಿಗೆ ಉಚ್ಚರಿಸಿದರೆ ಅಣ್ಣತಮ್ಮಂದಿರನ್ನು ಕರೆದಂತೆ ಕೇಳಿಸುತ್ತದೆ. ಎರಡೂ ಕೆರೆಯನ್ನು ಹೆಸರಿನಲ್ಲಿಯೇ ಹೊತ್ತುಕೊಂಡ ಊರುಗಳು. ಒಂದು ತಾಲೂಕಿನ ಕೇಂದ್ರ, ಇನ್ನೊಂದು ಅದೇ ತಾಲೂಕಿನ ಗ್ರಾಮ. 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಗೆ ಸೇರಿತ್ತು. ಭೂಮಿಯ ಗುಣವನ್ನು ನೋಡಿದರೆ ಇದು ಪೂರ್ತಿ ಬಯಲುಸೀಮೆಯೂ ಅಲ್ಲ, ಪೂರ್ತಿ ಮಲೆನಾಡೂ ಅಲ್ಲ. ಹಾನಗಲ್ಲಿನ ಕಡೆಗೆ ನಡೆದರೆ ಭತ್ತದ ಗದ್ದೆ, ಮಾವಿನ ತೋಪು. ಸೊರಬದ ಕಡೆಗೆ ಹೊರಳಿದರೆ ದಟ್ಟವಾಗುತ್ತ ಹೋಗುವ ಹಸಿರು. ರಾಣೆಬೆನ್ನೂರಿನ ಕಡೆಗೆ ಗೋವಿನಜೋಳ ಮತ್ತು ಹತ್ತಿಯ ಹೊಲ. ಮಳೆಗಾಲದಲ್ಲಿ ಮಲೆನಾಡಿನ ಮೋಡ ಇಲ್ಲಿಯವರೆಗೆ ಕೈಚಾಚುತ್ತದೆ. ಫಾಲ್ಗುಣ ಕಳೆಯುತ್ತಲೇ ಬಯಲಿನ ಬಿಸಿಗಾಳಿ ಬಂದು ಎಲ್ಲವನ್ನೂ ಒಣಗಿಸುತ್ತದೆ. ಈ ನೆನೆಯುವಿಕೆ ಮತ್ತು ಒಣಗುವಿಕೆಗಳ ನಡುವೆಯೇ ತನ್ನ ಬಾಳನ್ನು ಕಟ್ಟಿಕೊಂಡ ಒಂದು ಸಸ್ಯದ ವಿಷಯವಾಗಿ ಓದುಗ ಬಂಧುಗಳಿಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಚಿಕ್ಕೇರೂರಿಗೆ ಹೊರಗಿನವರು ಬರುವುದು ಬನಶಂಕರಿಯ ಗುಡಿಗಾಗಿ, ಸೋಮೇಶ್ವರ ದೇವಾಲಯಕ್ಕಾಗಿ, ಇಲ್ಲವೆ ಅಲ್ಲಿಯ ಹಳೆಯ ಶಾಸನಗಳಿಗಾಗಿ. ನಾನು ಹೋದದ್ದೂ ಶಾಸನದ ನೆಪದಿಂದಲೇ. ಸವೆದ ಕಲ್ಲನ್ನು ಓದುವುದಕ್ಕೆ ನಡುಹಗಲಿನ ಬೆಳಕು ಪ್ರಯೋಜನವಿಲ್ಲ. ಇಳಿಬಿಸಿಲು ಅಡ್ಡವಾಗಿ ಬಿದ್ದಾಗ ಮಾತ್ರ ಅಕ್ಷರಗಳು ಎದ್ದು ನಿಲ್ಲುತ್ತವೆ. ಚೈತ್ರ ಮಾಸದ ಕೊನೆಯ ದಿನಗಳು. ಹೊತ್ತು ಇಳಿಯುವವರೆಗೆ ಒಂದು ಹಳೆಯ ಮಾವಿನ ಮರದ ನೆರಳಿನಲ್ಲಿ ಕುಳಿತಿದ್ದಾಗ ಮೇಲಿನ ಕವಲಿನಲ್ಲಿ ಅದು ಕಂಡಿತು. ಎರಡು ಸಾಲಾಗಿ ಅಡಕಗೊಂಡ ಬಿರುಸಾದ ಪಟ್ಟಿಯಂತಹ ಎಲೆಗಳು. ತೊಗಟೆಯನ್ನು ಬಿಗಿಯಾಗಿ ಅಪ್ಪಿದ, ಬೂದಿ ಬಳಿದ ದಾರದಂತಹ ದಪ್ಪ ಬೇರುಗಳು. ಎಲೆಗಳ ಸಂದಿಯಿಂದ ಹೊರಟ ಒಂದು ದೇಟಿನಲ್ಲಿ ಐದಾರು ಹೂವು. ಎಸಳುಗಳ ಮೇಲೆ ಕಂದುಗೆರೆಯ ಜಾಲರಿ, ನಡುವೆ ನೇರಳೆ ಬೆರೆತ ನೀಲಿಯ ತುಟಿ. ಸಸ್ಯಶಾಸ್ತ್ರಜ್ಞರು ಇದನ್ನು ವಂದಾ ಟೆಸೆಲ್ಲಾಟಾ ಎನ್ನುತ್ತಾರೆ. ಆರ್ಕಿಡ್ ಕುಲದ ಗಿಡ. ಕೆಳಗೆ ನೆಲವೆಲ್ಲ ಬಿರುಕುಬಿಟ್ಟಿತ್ತು, ಮೇಲೆ ಇದು ಹೂಬಿಟ್ಟು ನಿಂತಿತ್ತು.

ದಾರಿಯಲ್ಲಿ ಹೋಗುತ್ತಿದ್ದ ಕುರಿಗಾಹಿಯೊಬ್ಬರನ್ನು ಕೇಳಿದೆ. “ಅದು ಬದನಿಕಿ ಐತ್ರಿ, ಮರ ತಿಂತೈತಿ” ಎಂದು ಅವರು ಮುಂದೆ ನಡೆದರು. ಅವರೊಬ್ಬರ ಮಾತಲ್ಲ ಇದು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ನೆನಪಿರಬಹುದು: ‘ವಂದಾ’ ಎಂಬ ಶಬ್ದಕ್ಕೆ ಅಲ್ಲಿ ವೃಕ್ಷಾದನೀ, ವೃಕ್ಷರುಹಾ ಎಂಬ ಪರ್ಯಾಯಗಳಿವೆ. ಮೊದಲನೆಯದರ ಅರ್ಥ ಮರವನ್ನು ತಿನ್ನುವುದು. ಎರಡನೆಯದರ ಅರ್ಥ ಮರದ ಮೇಲೆ ಬೆಳೆಯುವುದು. ಕೋಶದಲ್ಲಿ ಇವೆರಡೂ ಒಂದೇ ಸಾಲಿನಲ್ಲಿ ಕುಳಿತಿವೆಯಾದರೂ ಮರದ ಪಾಲಿಗೆ ಇವುಗಳ ನಡುವೆ ಅಜಗಜಾಂತರ. ನಿಜವಾದ ಬದನಿಕೆ ತನ್ನ ಬೇರನ್ನು ಕೊಂಬೆಯ ಒಳಗೆ ಇಳಿಸಿ ಮರದ ರಸವನ್ನು ಹೀರುತ್ತದೆ. ಅದರ ಅಂಟುಹಣ್ಣನ್ನು ತಿಂದ ಪುಟ್ಟ ಹಕ್ಕಿ ಮತ್ತೊಂದು ಕೊಂಬೆಯಲ್ಲಿ ಕುಳಿತು ಬೀಜವನ್ನು ಒರೆಸಿಹೋದರೆ ಅಲ್ಲಿಯೂ ಹುಟ್ಟಿಕೊಳ್ಳುತ್ತದೆ. ಆರ್ಕಿಡ್ ಹಾಗಲ್ಲ. ಅದರ ಬೇರು ತೊಗಟೆಯ ಮೇಲೆಯೇ ಹರಿದಾಡುತ್ತದೆ. ಮರದಿಂದ ಅದು ಪಡೆಯುವುದು ಕೂಡಲು ಜಾಗವನ್ನಷ್ಟೆ. ಅನ್ನ ನೀರುಗಳನ್ನು ಗಾಳಿ, ಮಳೆ, ಇಬ್ಬನಿ, ತೊಗಟೆಯ ಸಂದಿಯಲ್ಲಿ ಕೂತ ಧೂಳು ತರಗು ಇವುಗಳಿಂದ ತಾನೇ ಕೂಡಿಸಿಕೊಳ್ಳುತ್ತದೆ. 1795ರಲ್ಲಿ ಪ್ರಕಟವಾದ ಒಂದು ಬರಹದಲ್ಲಿ ಸರ್ ವಿಲಿಯಂ ಜೋನ್ಸರು ಈ ಸಂಸ್ಕೃತ ಶಬ್ದವನ್ನೇ ಆರ್ಕಿಡ್‌ಗೆ ಬಳಸಿದ್ದರಿಂದ ‘ವಂದಾ’ ಇಂದು ಜಗತ್ತಿನ ಎಲ್ಲ ತೋಟಗಾರರ ಬಾಯಲ್ಲಿದೆ. ಆರ್ಕಿಡ್ ಎಂಬ ಹೆಸರಿನ ಗ್ರೀಕ್ ಮೂಲವನ್ನು ಮಾತ್ರ ಮನೆಮಂದಿ ಕೂಡಿ ಓದುವ ಪತ್ರಿಕೆಯಲ್ಲಿ ಬಿಡಿಸಿ ಹೇಳುವುದು ಬೇಡ. ನೆಲದಲ್ಲಿ ಬೆಳೆಯುವ ಕೆಲವು ಜಾತಿಗಳ ಜೋಡಿಗಡ್ಡೆಯನ್ನು ನೋಡಿ ಇಟ್ಟ ಹೆಸರದು ಎಂದರೆ ಸಾಕು.

ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯು 2019ರಲ್ಲಿ ಹೊರತಂದ ಗ್ರಂಥವು ನಮ್ಮ ದೇಶದಲ್ಲಿ 1,256 ಜಾತಿಯ ಆರ್ಕಿಡ್‌ಗಳನ್ನು ಎಣಿಸಿದೆ. ಅವುಗಳಲ್ಲಿ 757 ಜಾತಿಗಳು ಮರವನ್ನು ಆಶ್ರಯಿಸಿದವು. ಮಲೆನಾಡಿನವರು ಸೀತಾಳೆ ದಂಡೆ ಎಂದು ಕರೆಯುವ, ಮುಂಗಾರಿನ ಹೊತ್ತಿಗೆ ನರಿಯ ಬಾಲದಂತೆ ಜೋತುಬೀಳುವ ಹೂಗೊಂಚಲೂ ಇದೇ ಬಳಗದ್ದು. ಹೆಸರೇ ಹೇಳುವಂತೆ ಅದು ಮುಡಿಗೆ ಸಲ್ಲುವ ಹೂವು. ದೂರದ ಅಸ್ಸಾಮಿನಲ್ಲಿ ಅದನ್ನು ರಾಜ್ಯಪುಷ್ಪವೆಂದು ಮನ್ನಿಸಿದ್ದಾರೆ. ಬಿಹು ಹಬ್ಬದ ಕುಣಿತದಲ್ಲಿ ಅಲ್ಲಿಯ ಹೆಣ್ಣುಮಕ್ಕಳು ಅದನ್ನೇ ಮುಡಿಯುತ್ತಾರೆ.

ಅಂದು ರಾತ್ರಿ ನಾನು ಉಳಿದುಕೊಂಡದ್ದು ಊರಿನ ಪರಿಚಿತ ಮನೆಯೊಂದರಲ್ಲಿ. ಹೆಂಚಿನ ಮಾಡಿನ ಹಳೆಯ ಮನೆ, ಅದಕ್ಕೆ ತಾಗಿ ಈಚೆಗೆ ಎಬ್ಬಿಸಿದ ಸಿಮೆಂಟಿನ ಕೋಣೆ. ಆ ಹೊಸ ಕೋಣೆಯ ಮೂಲೆಯಲ್ಲಿ, ಹೊಳಪಿನ ದೊಡ್ಡ ಕುಂಡದಲ್ಲಿ, ಒಂದು ಗಿಡ ತಲೆಬಾಗಿ ನಿಂತಿತ್ತು. ನಾಲ್ಕು ಜಲ್ಲೆಗಳು, ಅವು ಮುದುಕರ ಬೆರಳಿನಂತೆ ನಿರಿಗೆಗಟ್ಟಿದ್ದವು. ಉಳಿದ ಮೂರು ಎಲೆಗಳಲ್ಲಿ ಎರಡು ಹಳದಿ. ಡೆಂಡ್ರೋಬಿಯಂ ಎಂಬ ಜಾತಿಯ ಮಿಶ್ರತಳಿ ಅದು. ಮನೆಯ ಮೊಮ್ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಮೊದಲ ಸಂಬಳದಲ್ಲಿ ಅಜ್ಜಿಗಾಗಿ ಕೊಂಡು ತಂದದ್ದಂತೆ. ಬಂದಾಗ ನೇರಳೆ ಹೂಗಳ ಎರಡು ದೇಟುಗಳಿದ್ದವು. ತಂದ ಕುಂಡ ತೀರ ಚಿಕ್ಕದು, ಅದರಲ್ಲಿ ಮಣ್ಣೇ ಇಲ್ಲ ಎಂದು ಮರುಕಪಟ್ಟು, ಮನೆಯವರು ಕೆಮ್ಮಣ್ಣು ಮತ್ತು ತಿಪ್ಪೆಗೊಬ್ಬರ ತುಂಬಿದ ದೊಡ್ಡ ಕುಂಡಕ್ಕೆ ಬದಲಾಯಿಸಿದ್ದರು.

“ದಿನಾ ಮುಂಜಾನೆ ಬಿಲ್ವದ ಗಿಡಕ್ಕ ನೀರ ಹಾಕೂಮುಂದ ಇದಕ್ಕೂ ಒಂದು ತಂಬಿಗಿ ಹಾಕ್ತೇನ್ರಿ, ಶಾಸ್ತ್ರಿಗಳ. ಒಂದು ದಿನ ತಪ್ಪಿಸಿಲ್ಲ. ಆದರೂ ನೀರ ಕಾಣದವರ ಹಂಗ ಸೊರಗೇತಿ ನೋಡ್ರಿ” ಎಂದರು ಆ ಹಿರಿಯ ತಾಯಿ. ಮೊಮ್ಮಗಳು ವಾರಕ್ಕೊಮ್ಮೆ ಫೋನು ಮಾಡಿದಾಗಲೆಲ್ಲ ಗಿಡ ಹೇಗಿದೆ ಎಂದು ಕೇಳುತ್ತಾಳೆ. ಆರಾಮ ಐತಿ ಎಂದು ಹೇಳಿ ಹೇಳಿ ಅವರಿಗೆ ಸಂಕಟವಾಗಿತ್ತು. ಶ್ರಾವಣಕ್ಕೆ ಅವಳು ಊರಿಗೆ ಬರುವವಳಿದ್ದಳು.

“ಅವ್ವಾ, ಇದು ನೀರಿಲ್ಲದೆ ಸೊರಗಿದ್ದಲ್ಲ, ನೀರು ಹೆಚ್ಚಾಗಿ ಸೊರಗಿದ್ದು” ಎಂದೆ.

“ನೀರ ಹೆಚ್ಚಾದ್ರ ಗಿಡ ಕೊಳೀತೈತಿ. ಇದು ಒಣಗೇತಲ್ರಿ?” ಎಂದು ಅವರು ಮರುಪ್ರಶ್ನೆ ಹಾಕಿದರು. ಹೊಲಗೆಲಸ ಬಲ್ಲವರ ಪ್ರಶ್ನೆ. ಹಾರಿಕೆಯ ಉತ್ತರಕ್ಕೆ ಜಗ್ಗುವಂತಹುದಲ್ಲ. ಮಾತಿಗಿಂತ ಕಣ್ಣಿಗೆ ತೋರಿಸುವುದೇ ಮೇಲೆಂದು ಕುಂಡವನ್ನು ಅಂಗಳಕ್ಕೆ ತಂದು ಗಿಡವನ್ನು ಹೊರತೆಗೆದೆವು. ಬೇರುಗಳು ಕಪ್ಪಾಗಿದ್ದವು. ಎರಡು ಬೆರಳಲ್ಲಿ ಹಿಡಿದೊಡನೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗೆ ದಾರದಂತಹ ಎಳೆಯೊಂದೇ ಉಳಿಯಿತು. ಕುಂಡದ ತಳದಲ್ಲಿ ತೂತೇ ಇರಲಿಲ್ಲ. ಕೊಳೆತದ್ದು ಕೆಳಗೆ, ಒಣಗಿದ್ದು ಮೇಲೆ! ನೀರು ಕುಡಿಯುವ ಬಾಯಿಯೇ ಸತ್ತ ಮೇಲೆ ಗಿಡ ಕೆರೆಯ ನಡುವೆ ನಿಂತರೂ ಬಾಯಾರಿಯೇ ಇರುತ್ತದೆ. ನಾವು ಅದನ್ನು ನೋಡಿ ಮತ್ತೊಂದು ತಂಬಿಗೆ ಹಾಕುತ್ತೇವೆ.

ಮರವಾಸಿ ಆರ್ಕಿಡ್‌ನ ಬೇರಿನ ರಚನೆಯೇ ಬೇರೆ. ಅದರ ಹೊರಗೆ ವೆಲಮೆನ್ ಎಂಬ ಹೊದಿಕೆಯಿದೆ. ಸತ್ತ ಜೀವಕೋಶಗಳ, ಗಾಳಿ ತುಂಬಿದ ಸ್ಪಂಜಿನಂತಹ ಪದರವದು. ಒಣಗಿದಾಗ ಬೆಳ್ಳಿಯಂತೆ ಬೆಳ್ಳಗಿರುತ್ತದೆ. ನೀರು ಬಿದ್ದ ಕ್ಷಣಮಾತ್ರದಲ್ಲಿ ಹೀರಿಕೊಂಡು ಹಸಿರಾಗುತ್ತದೆ. ಮಳೆ ನಿಂತು ಗಾಳಿ ಬೀಸಿದರೆ ಮತ್ತೆ ಬೆಳ್ಳಗಾಗುತ್ತದೆ. ಮರದ ಮೇಲೆ ಈ ಆಟ ದಿನವೂ ನಡೆಯುತ್ತದೆ. ಜಿನುಗುವ ಮಣ್ಣಿನಲ್ಲಿ ಹೂತಿಟ್ಟರೆ ಆ ಪದರ ಎಂದಿಗೂ ಒಣಗದು. ಬೇರಿಗೆ ಉಸಿರು ಕಟ್ಟಿ ಶಿಲೀಂಧ್ರ ಹಿಡಿಯುತ್ತದೆ. ಡೆಂಡ್ರೋಬಿಯಂ ಎಂಬ ಗ್ರೀಕ್ ಮೂಲದ ಹೆಸರಿಗೆ ಮರದ ಮೇಲೆ ಬಾಳುವುದು ಎಂದೇ ಅರ್ಥ. ಸ್ವೀಡನ್ನಿನ ಓಲೋಫ್ ಸ್ವಾರ್ಟ್ಸ್ ಎಂಬ ಪಂಡಿತರು 1799ರಲ್ಲಿ ಆ ಹೆಸರನ್ನು ಕೊಟ್ಟಾಗಲೇ ಸಾಕುವ ವಿಧಾನವನ್ನೂ ಹೇಳಿಬಿಟ್ಟಿದ್ದರು ಎನ್ನಬೇಕು.

ಮರುದಿನ ಬೆಳಿಗ್ಗೆ ಶಾಸನವನ್ನು ಅಷ್ಟಕ್ಕೇ ಬಿಟ್ಟು ಈ ಗಿಡದ ಆರೈಕೆಗೆ ಕುಳಿತೆವು. ಹಿಡಿದು ನೋಡಿದಾಗ ಗಟ್ಟಿಯಾಗಿದ್ದ ಬೇರು ಎರಡೇ ಎರಡು. ಉಳಿದ ಕೊಳೆತ ಬೇರುಗಳನ್ನೆಲ್ಲ, ದೀಪದ ಜ್ವಾಲೆಗೆ ಹಿಡಿದು ಆರಿಸಿದ ಬ್ಲೇಡಿನಿಂದ ಕತ್ತರಿಸಿ ತೆಗೆದೆವು. ಕತ್ತರಿಸಿದ ತುದಿಗಳಿಗೆ ಮಾತ್ರ ಚಿಟಿಕೆ ದಾಲ್ಚಿನ್ನಿ ಪುಡಿ. ಅದು ಶಿಲೀಂಧ್ರವನ್ನು ತಡೆಯುತ್ತದೆ, ಆದರೆ ಒಣಗಿಸುವ ಗುಣದ್ದಾದ್ದರಿಂದ ಬದುಕಿದ ಬೇರಿಗೆ ತಾಗಬಾರದು. ಎಲೆಯಿಲ್ಲದ ಹಳೆಯ ಜಲ್ಲೆಗಳನ್ನು ಕತ್ತರಿಸಲು ಮನೆಯ ಮಗ ಮುಂದಾದರು. ಅದನ್ನು ತಡೆದೆ. ಹಗೇವಿನಲ್ಲಿ ಜೋಳ ಇಟ್ಟಂತೆ ಗಿಡ ತನ್ನ ನೀರು ಮತ್ತು ಆಹಾರಗಳನ್ನು ಇಟ್ಟುಕೊಂಡಿರುವುದು ಆ ಜಲ್ಲೆಗಳಲ್ಲಿಯೇ; ಒಣಗಿ ಸದ್ದಾಗುವವರೆಗೆ ಅವನ್ನು ಮುಟ್ಟಬಾರದು. ಗಿಡವನ್ನು ಒಂದು ಹಗಲು ನೆರಳಿನಲ್ಲಿ ಹಾಗೆಯೇ ಆರಲು ಬಿಟ್ಟೆವು.

ಹೊಸ ಕುಂಡ ಬೇಕಾಗಿದ್ದದ್ದು ಚಿಕ್ಕದು. ಬೇರು ಹಿಡಿಯುವಷ್ಟು ಜಾಗ ಸಾಕು. ದೊಡ್ಡ ಕುಂಡವೆಂದರೆ ಒಣಗದ ಕುಂಡವೆಂದೇ ಅರ್ಥ. ಹಿತ್ತಲಲ್ಲಿದ್ದ ಒಂದು ಮಣ್ಣಿನ ಗಡಿಗೆಯ ಬದಿಗೂ ತಳಕ್ಕೂ ತೂತು ಕೊರೆದು, ಹೆಂಚಿನ ಚೂರು, ಒಲೆಯ ಇದ್ದಿಲು, ಎರಡು ಮೂರು ಸಲ ನೀರು ಬದಲಾಯಿಸಿ ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡುಗಳು ಇಷ್ಟನ್ನೇ ತುಂಬಿದೆವು. ಮಣ್ಣಿನ ಒಂದು ಹಿಡಿಯೂ ಇಲ್ಲ. ಗಿಡದ ಬುಡವನ್ನು ಹೂಳದೆ ಮೇಲೆಯೇ ಕೂರಿಸಿ, ಅಲುಗದಂತೆ ಒಂದು ಕಡ್ಡಿಗೆ ಕಟ್ಟಿದೆವು. ಅಲುಗುವ ಗಿಡದ ಎಳೆಬೇರಿನ ತುದಿ ಉಜ್ಜಿ ಸಾಯುತ್ತದೆ. ಗೊಬ್ಬರ ಬೇಡವೇ ಬೇಡ. ಬೇರಿಲ್ಲದ ಗಿಡಕ್ಕೆ ಗೊಬ್ಬರವೆಂದರೆ ಜ್ವರದವನಿಗೆ ಹೋಳಿಗೆ ಬಡಿಸಿದಂತೆ. ಹೊಸ ಬೇರಿನ ಹಸಿರು ತುದಿ ಕಂಡ ಮೇಲೆ, ನೀರಲ್ಲಿ ಕರಗುವ ಗೊಬ್ಬರವನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದ ಕಾಲುಭಾಗಕ್ಕಿಳಿಸಿ ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಸಾಕು.

ಇನ್ನು ನೀರು. ವಾರಕ್ಕೆ ಎಷ್ಟು ಸಲ ಎಂದು ತಾಯಿ ಕೇಳಿದರು. ಇದಕ್ಕೆ ಪಂಚಾಂಗವಿಲ್ಲ. ತೂತಿನಲ್ಲಿ ಕಾಣುವ ಬೇರು ಹಸಿರಾಗಿದ್ದರೆ ಹಾಕಬಾರದು. ಬೆಳ್ಳಗಾಗಿದ್ದರೆ ಬೆಳಗಿನ ಹೊತ್ತು ಧಾರಾಳವಾಗಿ ಹಾಕಿ, ಪೂರ್ತಿ ಬಸಿಯಬಿಡಬೇಕು. ಬೇಸಗೆಯಲ್ಲಿ ಎರಡು ದಿನಕ್ಕೊಮ್ಮೆ ಬೇಕಾದೀತು, ಜಡಿಮಳೆಯ ದಿನಗಳಲ್ಲಿ ವಾರವಾದರೂ ಬೇಡ. ಕೊಳವೆಬಾವಿಯ ಗಡಸು ನೀರು ಬೇರಿನ ಮೇಲೆ ಬಿಳಿಯ ಉಪ್ಪಿನ ಪೊರೆ ಕಟ್ಟಿಸುತ್ತದೆ. ಮಾಡಿನಿಂದ ಬೀಳುವ ಮಳೆನೀರನ್ನು ಹಂಡೆಯಲ್ಲಿ ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ಬೇಸಗೆಯ ಒಣಗಾಳಿಗೆ, ಹರಳುಕಲ್ಲು ಹರವಿದ ತಟ್ಟೆಯಲ್ಲಿ ನೀರು ನಿಲ್ಲಿಸಿ, ಕುಂಡದ ತಳಕ್ಕೆ ನೀರು ತಾಗದಂತೆ ಕಲ್ಲುಗಳ ಮೇಲೆ ಇಟ್ಟರೆ ಗಿಡದ ಸುತ್ತ ತಂಪು ನಿಲ್ಲುತ್ತದೆ.

ಅತಿಯಾದ ಉಪಚಾರದಿಂದ ಆರ್ಕಿಡ್ ಸಾಯುವುದು ಚಿಕ್ಕೇರೂರಿನ ಮನೆಯಲ್ಲಿ ಮೊದಲಾದದ್ದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತರಿಗೆ ಈ ಹೂವಿನ ಹುಚ್ಚು ಹಿಡಿದಿತ್ತು. ಉಷ್ಣದೇಶದ ಗಿಡವೆಂದರೆ ಬಿಸಿ, ಕತ್ತಲೆ ಮತ್ತು ತೇವ ಬೇಕೆಂದು ನಂಬಿ, ಗಾಳಿ ಆಡದ ಗಾಜಿನ ಮನೆಗಳಲ್ಲಿ ಹಗಲಿರುಳು ಒಲೆ ಉರಿಸಿ ಆವಿ ತುಂಬಿಸಿದರು. ಹಡಗುಗಟ್ಟಲೆ ಬಂದ ಗಿಡಗಳು ಹಾಗೆಯೇ ಕೊಳೆತುಹೋದವು. 1835ರಲ್ಲಿ ಡೆವನ್‌ಶೈರಿನ ಡ್ಯೂಕನು ಜಾನ್ ಗಿಬ್ಸನ್ ಎಂಬ ತೋಟಗಾರನನ್ನು ನಮ್ಮ ದೇಶಕ್ಕೆ ಕಳಿಸಿದನು. ಆತ ಖಾಸಿ ಬೆಟ್ಟಗಳಲ್ಲಿ ಆರ್ಕಿಡ್‌ಗಳನ್ನು ಕೂಡಿಸಿಕೊಂಡು 1837ರಲ್ಲಿ ಹಿಂತಿರುಗಿದನು. ಆ ಡ್ಯೂಕನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್ ಗಾಜಿನ ಮನೆಯ ಕಿಟಕಿಗಳನ್ನು ತೆರೆದು, ಗಾಳಿ ಆಡಿಸಿ, ಗಿಡದ ಮೂಲಸ್ಥಾನಕ್ಕೆ ತಕ್ಕಂತೆ ಬಿಸಿಯನ್ನು ಬೇರೆ ಬೇರೆಯಾಗಿ ಇಟ್ಟಾಗ ಗಿಡಗಳು ಉಳಿಯತೊಡಗಿದವು. ಗಿಡದ ಊರು ಹೇಗಿದೆ ಎಂದು ವಿಚಾರಿಸುವ ಕೆಲಸಕ್ಕೆ ಅವರಿಗೆ ಅಷ್ಟು ಕಾಲ ಹಿಡಿಯಿತು. ನಮಗಾದರೋ ಆ ಊರು ಕೂಗಳತೆಯ ದೂರದಲ್ಲಿದೆ. ಸಂಜೆ ಆ ತಾಯಿಯನ್ನು ಮಾವಿನ ಮರದ ಬುಡಕ್ಕೆ ಕರೆದೊಯ್ದು ವಂದಾದ ಬೇರುಗಳನ್ನು ತೋರಿಸಿದೆ. ಬಹಳ ಹೊತ್ತು ನೋಡಿ, “ಮಣ್ಣ ಇಲ್ಲ ನೋಡ್ರಿ ಅಲ್ಲೆ” ಎಂದಷ್ಟೇ ಅಂದರು.

ಗಿಡವನ್ನು ಎಲ್ಲಿ ಇಡಬೇಕೆಂಬ ಮಾತೂ ಬಂತು. ಸಿಮೆಂಟಿನ ಕೋಣೆಯಲ್ಲಿ ಗಾಳಿಯಿರಲಿಲ್ಲ. ಕಿಟಕಿಗೆ ಸದಾ ಪರದೆ. ಎಲೆ ತೀರ ಕಡುಹಸಿರಾಗಿದ್ದರೆ ಬೆಳಕು ಸಾಲದೆಂದೂ, ಹಳದಿಗೆಂಪಾದರೆ ಹೆಚ್ಚಾಯಿತೆಂದೂ ತಿಳಿಯಬೇಕು. ಹಳೆಯ ಪಡಸಾಲೆಯ ಬೆಳಕಿಂಡಿಯ ಕೆಳಗೆ, ಮೂಡಲ ಬಾಗಿಲ ಎಳೆಬಿಸಿಲು ಸೋಕುವ ಜಾಗದಲ್ಲಿ ಇಟ್ಟೆವು. ಗೋಡೆಯ ಮಣ್ಣು ತಂಪು, ಬಾಗಿಲಿಂದ ಬಾಗಿಲಿಗೆ ಗಾಳಿ, ಮೇಲಿನಿಂದ ಸೋಸಿದ ಬೆಳಕು. ನಮ್ಮ ಹಿರಿಯರು ತಮಗಾಗಿ ಕಟ್ಟಿಕೊಂಡ ಆ ಪಡಸಾಲೆ ಮರದ ನೆರಳಿಗೆ ಎಷ್ಟು ಹತ್ತಿರದ್ದೆಂಬುದು ನನಗೆ ಹೊಳೆದದ್ದು ಆಗಲೇ. ಅಂತಹ ಮನೆಗಳನ್ನು ಕೆಡವಿ ಕಾದ ಪೆಟ್ಟಿಗೆಗಳನ್ನು ಕಟ್ಟುತ್ತಿರುವ ಈ ಅವಸರ ನನಗಂತೂ ಒಪ್ಪಿಗೆಯಿಲ್ಲ.

ಇದೆಲ್ಲ ನಡೆಯುತ್ತಿದ್ದಾಗ ನೆರೆಮನೆಯ ತರುಣನೊಬ್ಬ ಬಂದು, “ಇಷ್ಟೆಲ್ಲ ಯಾಕ್ರಿ? ಸೊರಬದ ಕಡೆ ಕಾಡಾಗ ಬೇಕಾದಷ್ಟು ಅದಾವು, ನಾಕು ಕಿತ್ತು ತಂದ ಕೊಡ್ತೇನಿ” ಎಂದನು. ಅವನ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಇಲ್ಲಿ ನಾವು ಗಟ್ಟಿಯಾಗಿ ನಿಲ್ಲಬೇಕಾಗಿದೆ. ಆರ್ಕಿಡ್‌ನ ಬೀಜ ಧೂಳಿನಂತಹುದು. ಒಂದೇ ಕಾಯಿಯಲ್ಲಿ ಲಕ್ಷಗಟ್ಟಲೆ ಇರಬಹುದು. ಆದರೆ ಮೊಳಕೆಗೆ ಬೇಕಾದ ಬುತ್ತಿ ಅದರೊಳಗಿಲ್ಲ. ತಕ್ಕ ಶಿಲೀಂಧ್ರ ಬಂದು ಉಣಿಸಿದರೆ ಮಾತ್ರ ಮೊಳೆಯುತ್ತದೆ ಎಂಬುದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಹಿಡಿದರು. ಕಾಡಿನಲ್ಲಿ ಲಕ್ಷದಲ್ಲಿ ಒಂದು ಬೀಜಕ್ಕೆ ಆ ಭಾಗ್ಯ ಒದಗಿದರೂ ಅದು ಹೂಬಿಡಲು ಹಲವು ವರ್ಷ ಬೇಕು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರದ ನೆರವಿಲ್ಲದೆ ಸಕ್ಕರೆ ಬೆರೆತ ಪಾಕದಲ್ಲಿ ಬೀಜ ಮೊಳೆಯಿಸಿದರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಕುಡಿಯ ಅಂಗಾಂಶದಿಂದಲೇ ಸಾವಿರಾರು ಸಸಿಗಳನ್ನು ಮಾಡುವ ದಾರಿ ತೋರಿದರು. ಅಂಗಡಿಯ ಆರ್ಕಿಡ್ ಇಂದು ಸಾಮಾನ್ಯರ ಕೈಗೆ ಎಟುಕಿದ್ದು ಇದರಿಂದ. ಕುಂಡದ ಗಿಡ ಸತ್ತರೆ ಪ್ರಯೋಗಾಲಯ ಮತ್ತೊಂದನ್ನು ಕೊಟ್ಟೀತು. ಕೊಂಬೆಯಿಂದ ಕಿತ್ತ ಗಿಡದ ಜಾಗವನ್ನು ತುಂಬುವವರಿಲ್ಲ. ಕಿತ್ತು ತಂದದ್ದು ಮನೆಯಲ್ಲಿ ಬದುಕುವುದೂ ಅಪರೂಪ. ಕುಂಡದ ರೋಗಿಯನ್ನು ಉಳಿಸಿಕೊಳ್ಳಲು ಕಲಿತ ಮನೆ ಕಾಡಿನ ಗಿಡಕ್ಕೆ ಕೈಹಾಕುವುದಿಲ್ಲ ಎಂಬ ಕಾರಣದಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಆದರೆ ರಸ್ತೆಯ ಅಗಲೀಕರಣಕ್ಕೋ ಗಾಳಿಮಳೆಗೋ ಉರುಳಿದ ಮರದ ಮಾತು ಬೇರೆ. ಸೌದೆಯಾಗಲಿರುವ ಅದರ ಕೊಂಬೆಗಳ ಮೇಲಿನ ಆರ್ಕಿಡ್‌ಗಳನ್ನು, ಮರದ ಒಡೆಯರ ಅಥವಾ ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆದು, ತೊಗಟೆಯ ಸಮೇತ ಬಿಡಿಸಿ ಪಕ್ಕದ ಮರಕ್ಕೆ ಕಟ್ಟುವುದು ಪುಣ್ಯದ ಕೆಲಸವೇ ಸರಿ. ಈ ಕೆಲಸವನ್ನು ಆ ತರುಣನಿಗೇ ಒಪ್ಪಿಸಿದೆ.

ಶ್ರಾವಣದಲ್ಲಿ ಮತ್ತೊಮ್ಮೆ ಚಿಕ್ಕೇರೂರಿಗೆ ಹೋಗಿದ್ದೆ. ಗಿಡ ಹೂಬಿಟ್ಟಿರಲಿಲ್ಲ, ಅಷ್ಟು ಬೇಗ ಬಿಡಬಾರದು ಕೂಡ. ಬೇರಿಲ್ಲದ ಗಿಡ ಹೂಬಿಟ್ಟರೆ ಅದು ಕೊನೆಯ ಹೂವಾಗುವುದೇ ಹೆಚ್ಚು. ಮೊಗ್ಗು ಕಂಡರೂ ಚಿವುಟಿಹಾಕಬೇಕು. ಹಳೆಯ ಜಲ್ಲೆಗಳ ಸುಕ್ಕು ಅರೆವಾಸಿ ತುಂಬಿಕೊಂಡಿತ್ತು. ಬುಡದಲ್ಲಿ ಹೆಬ್ಬೆರಳ ಗಾತ್ರದ ಹೊಸ ಚಿಗುರು, ಅದರ ಕೆಳಗೆ ಇದ್ದಿಲನ್ನು ತಬ್ಬಿದ ಮೂರು ಎಳೆಬೇರುಗಳು. ಮೊಮ್ಮಗಳು ಬಂದಿದ್ದಳು. ಅಜ್ಜಿ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದರು. ಕತ್ತರಿಸಿದ ಕಪ್ಪು ಬೇರುಗಳನ್ನು ತೋರಿಸಲೆಂದು ಒಂದು ಕಾಗದದಲ್ಲಿ ಕಟ್ಟಿಟ್ಟಿದ್ದರು ಸಹ! ಎಲೆಯಿಲ್ಲದ ಒಂದು ಜಲ್ಲೆಯ ಗೆಣ್ಣಿನಲ್ಲಿ ಪುಟ್ಟ ಮರಿಯೂ ಮೂಡಿತ್ತು. ಹವಾಯಿ ದ್ವೀಪದವರ ಮಾತಿನಲ್ಲಿ ಇಂತಹ ಮರಿಗೆ ಕೇಕಿ ಎನ್ನುತ್ತಾರೆ. ಕೂಸು ಎಂದೇ ಅದರ ಅರ್ಥ. ಸಂಕಟದಲ್ಲಿರುವ ಗಿಡ ಕೂಸನ್ನು ಹೊರಗೆ ಕಳಿಸಿ ವಂಶ ಉಳಿಸಿಕೊಳ್ಳುವ ಪರಿಯಿದು.

ಆ ಮರಿಯನ್ನು ಅಂಗಳದ ತೆಂಗಿನ ಮರಕ್ಕೆ ಕಟ್ಟಬಹುದೇ ಎಂದು ತಾಯಿ ಕೇಳಿದರು. ಕಟ್ಟಬಹುದು, ಆದರೆ ಈ ವರ್ಷವಲ್ಲ. ಮರಿಗೆ ತನ್ನದೇ ಆದ ಮೂರು ನಾಲ್ಕು ಬೇರು ಬೆರಳುದ್ದ ಬೆಳೆಯಬೇಕು. ಅಲ್ಲಿಯವರೆಗೆ ತಾಯಿಯ ಜಲ್ಲೆಯಲ್ಲಿಯೇ ಇರಲಿ. ಬರುವ ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಬಿಡಿಸಿ, ಪಡುವಣ ಬಿಸಿಲು ನೇರ ಬೀಳದ ಮೈಗೆ, ಆಳೆತ್ತರದಲ್ಲಿ, ಬೇರಿನ ಹಿಂದೆ ಅಂಗೈಯಗಲ ತೆಂಗಿನ ನಾರು ಇಟ್ಟು, ಹತ್ತಿಯ ದಾರದಿಂದ ಬಿಗಿಯಬೇಕು. ತಂತಿ ಬೇಡ, ಅದು ಕಾಯ್ದು ಎಳೆಬೇರನ್ನು ಸುಡುತ್ತದೆ. ದಾರವನ್ನು ಬಿಚ್ಚುವ ಕೆಲಸವೂ ಇಲ್ಲ. ಅದು ಮಳೆಗೆ ನೆನೆದು ಶಿಥಿಲವಾಗಿ ತಾನಾಗಿ ಕಳಚುವ ಹೊತ್ತಿಗೆ ಬೇರು ಮರವನ್ನು ಹಿಡಿದಿರುತ್ತದೆ.